ಶಿರಸಿ ಕಡೆ ಹಳ್ಳಿಯವರಿಗೆ ಪೋಸ್ಟ್‌ಪೇಯ್ಡ್ ಬೇಕಾ?

ವರ್ಷಗಟ್ಟಲೆ ಪ್ರೀಪೇಯ್ಡ್ ಇದ್ದ ನಂಬರನ್ನೇ ಈಗ ಎರಡು ಮಳೆಗಾಲ ಪೋಸ್ಟ್‌ಪೇಯ್ಡ್‌ನಲ್ಲಿ ಬಳಸಿದ್ದೇನೆ. ಕಂಪನಿ ಬದಲಾಗಿಲ್ಲ, ಟವರೂ ಅದೇ. ಮನೆ ಶಿರಸಿ ಪೇಟೆಯಿಂದ ಒಳಗೆ, ಅಡಿಕೆ ತೋಟದ ಮಗ್ಗುಲಲ್ಲಿ. ಜಗಲಿಯ ಒಂದು ಮೂಲೆಯಲ್ಲಿ ಎರಡು ಕಡ್ಡಿ ಸಿಗ್ನಲ್, ಅಡುಗೆಮನೆಗೆ ಹೋದರೆ ಅದೂ ಇಲ್ಲ.

ದುಡ್ಡಿನ ಲೆಕ್ಕದಲ್ಲಿ ಪ್ರೀಪೇಯ್ಡೇ ಅಗ್ಗ. 299 ರೂಪಾಯಿಯ 28 ದಿನದ ಪ್ಲ್ಯಾನ್ ಹಿಡಿದರೆ ವರ್ಷಕ್ಕೆ 12 ಅಲ್ಲ, 13 ರೀಚಾರ್ಜ್. ಒಟ್ಟು 3,887. (2022ರಲ್ಲಿ ಫೋನ್ ಕಂಪನಿಗಳಿಗೆ ನಿಯಮ ಮಾಡುವ ಸರ್ಕಾರಿ ಸಂಸ್ಥೆ ಟ್ರಾಯ್ ಹೇಳಿದ ಮೇಲೆ ಕಂಪನಿಗಳು 30 ದಿನದ ಪ್ಲ್ಯಾನೂ ಇಡಲೇಬೇಕಾಯ್ತು. ಅಂಗಡಿಯವರು ಅದನ್ನು ತಾವಾಗಿ ಹೇಳುವುದಿಲ್ಲ, ಕೇಳಬೇಕು.) ನನ್ನ ಪೋಸ್ಟ್‌ಪೇಯ್ಡ್ ಬೋರ್ಡಿನಲ್ಲಿ 449. ಪ್ರೀಪೇಯ್ಡ್ ದರದಲ್ಲಿ ತೆರಿಗೆ ಸೇರಿಯೇ ಇರುತ್ತದೆ, ಇದಕ್ಕೆ 18% ಜಿಎಸ್‌ಟಿ ಬೇರೆ. ಬಿಲ್ ಬರುವುದು 529 ರೂಪಾಯಿ 82 ಪೈಸೆ. ವರ್ಷಕ್ಕೆ ಹೆಚ್ಚುಕಮ್ಮಿ ಎರಡೂವರೆ ಸಾವಿರ ಜಾಸ್ತಿ.

ಆದರೂ ಬಿಟ್ಟಿಲ್ಲ. ಕಾರಣ ಡೇಟಾ.

ದಿನಕ್ಕೆ ಒಂದೂವರೆ ಜಿಬಿ ಅನ್ನುವ ಲೆಕ್ಕ ಬೆಂಗಳೂರಿನವರಿಗೆ ಸರಿ. ನಮ್ಮಲ್ಲಿ ನೆಟ್ ದಿನಾ ಒಂದೇ ಥರ ಬರುವುದಿಲ್ಲ. ಮನೆಯಲ್ಲಿದ್ದ ದಿನ ವಾಟ್ಸ್ಆ್ಯಪ್ ಫೋಟೊ ಇಳಿದರೆ ಪುಣ್ಯ. ಉಳಿದ ಡೇಟಾ ರಾತ್ರಿ 12ಕ್ಕೆ ಸುಮ್ನೆ ಹೋಗುತ್ತಿತ್ತು. ಅದೇ ಅಡಿಕೆ ಹಾಕಲು ಪೇಟೆಗೆ ಹೋದ ದಿನ, ಮಾರಾಟದ ಟೆಂಡರ್ ಮುಗಿಯುವವರೆಗೆ ಕೂತಲ್ಲೇ ಫೋನ್ ಅಪ್‌ಡೇಟ್, ಮಗಳ ಕ್ಲಾಸಿನ ವಿಡಿಯೊ, ನನ್ನ ಒಂದೆರಡು ಯಕ್ಷಗಾನ ಎಲ್ಲ ಇಳಿಸಬೇಕು. ಮಧ್ಯಾಹ್ನದೊಳಗೆ ಒಂದೂವರೆ ಜಿಬಿ ಖಾಲಿ! ಈಗ ತಿಂಗಳಿಗೆ ಇಡಿಯಾಗಿ 50 ಜಿಬಿ. ಯಾವ ದಿನ ಬೇಕಾದರೂ ಸುರಿದುಕೊಳ್ಳಬಹುದು, ಉಳಿದದ್ದು ಮುಂದಿನ ತಿಂಗಳಿಗೆ ಹೋಗುತ್ತದೆ. ಎರಡೂವರೆ ಸಾವಿರ ಕೊಡುತ್ತಿರುವುದು ಇದಕ್ಕೇ.

ಆಷಾಢದ ಮಳೆಯಲ್ಲೂ ಸ್ವಲ್ಪ ಉಪಯೋಗವಿದೆ. ಕರೆಂಟ್ ಹೋಗಿ, ಟವರಿನ ಬ್ಯಾಟರಿ ಇಳಿದು, ಡೀಸೆಲ್ ಬರದಿದ್ದರೆ ಯಾವ ಪ್ಲ್ಯಾನೂ ಕೆಲಸಕ್ಕೆ ಬಾರದು. ಆದರೆ ಹಾಗೆ ನೆಟ್‌ವರ್ಕ್ ಇಲ್ಲದ ಹೊತ್ತಿನಲ್ಲೇ ಪ್ರೀಪೇಯ್ಡ್ ವ್ಯಾಲಿಡಿಟಿ ಮುಗಿದರೆ, ಟವರ್ ಬಂದ ಮೇಲೂ ಫೋನ್ ಹೋಗುವುದಿಲ್ಲ. ರೀಚಾರ್ಜ್ ಮಾಡೋಣವೆಂದರೆ ನೆಟ್ ಇಲ್ಲ, ಪಕ್ಕದ ಮನೆಯವರ ಫೋನೇ ಗತಿ. ಪೋಸ್ಟ್‌ಪೇಯ್ಡ್‌ನಲ್ಲಿ ಬಿಲ್ ಕಟ್ಟಲು ವಾಯಿದೆ ಇರುತ್ತದೆ, ಈ ಪೇಚಾಟ ಇಲ್ಲ.

ಬೇಜಾರಿನ ಸಂಗತಿಯೂ ಇದೆ. ಒಮ್ಮೆ ನಾನು ಕೇಳದ ಯಾವುದೋ ಸೇವೆಗೆ 99 ರೂಪಾಯಿ ಬಿಲ್ಲಿನಲ್ಲಿ ಸೇರಿತ್ತು. ಕಸ್ಟಮರ್ ಕೇರ್‌ನವರ ಹತ್ತಿರ ವಾದ ಮಾಡಿ ವಾಪಸ್ ಬರಲು ಮುಂದಿನ ಬಿಲ್ ತನಕ ಕಾಯಬೇಕಾಯಿತು. ಅವತ್ತಿನಿಂದ ಆಟೊಪೇ ತೆಗೆದು, ಬಿಲ್ ಓದಿಯೇ ಕಟ್ಟುತ್ತೇನೆ. ಇನ್ನು ಪೋಸ್ಟ್‌ಪೇಯ್ಡ್‌ಗೆ ಸಿಗ್ನಲ್ ಚೆನ್ನಾಗಿ ಬರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕುಮಟಾಕ್ಕೆ ಇಳಿಯುವ ದೇವಿಮನೆ ಘಟ್ಟದಲ್ಲಿ ಮೊದಲು ಎಲ್ಲಿ ಕಟ್ ಆಗುತ್ತಿತ್ತೋ ಈಗಲೂ ಅಲ್ಲೇ ಆಗುತ್ತದೆ.

ಆಯಿಯ (ಅಮ್ಮನ) ಬಟನ್ ಫೋನನ್ನು ಪ್ರೀಪೇಯ್ಡ್‌ನಲ್ಲೇ ಇಟ್ಟಿದ್ದೇನೆ. ಅವಳಿಗೆ ನೆಟ್ ಬೇಡ, ತಂಗಿಯ ಹತ್ತಿರ ಮಾತಾಡಿದರೆ ಆಯ್ತು. 2024ರ ಡಿಸೆಂಬರಿನಲ್ಲಿ ಟ್ರಾಯ್ ನಿಯಮ ಬದಲಿಸಿದ ಮೇಲೆ ಕರೆ, ಎಸ್ಎಂಎಸ್ ಮಾತ್ರ ಇರುವ ಪ್ಯಾಕ್ ಬಂದಿವೆ. 84 ದಿನದ್ದು ಹಾಕಿಸಿದರೆ ಮೂರು ತಿಂಗಳ ಹತ್ತಿರ ನೋಡುವ ಹಾಗಿಲ್ಲ. ವಯಸ್ಸಾದವರಿಗೆ ಪೋಸ್ಟ್‌ಪೇಯ್ಡ್ ಮಾಡಿಸುವುದು ದಂಡ, ಅಲ್ವಾ?

ಮನೆಯಲ್ಲಿ ಫೈಬರ್ ಇದ್ದವರಿಗೂ ಪ್ರೀಪೇಯ್ಡ್ ಸಾಕು, ಫೋನಿನಲ್ಲಿ ವೈಫೈ ಕಾಲಿಂಗ್ (ಟವರ್ ಬದಲು ವೈಫೈ ಮೂಲಕ ಕರೆ) ಆನ್ ಮಾಡಿಕೊಳ್ಳಿ. ಕಂಪನಿಯನ್ನೇ ಬದಲಿಸುವ ಯೋಚನೆ ಇದ್ದರೆ ಮೊದಲು ಪ್ರೀಪೇಯ್ಡ್ ಸಿಮ್ ತಂದು ಜಗಲಿ, ತೋಟ, ಕೊಟ್ಟಿಗೆ ಎಲ್ಲ ಕಡೆ ಸಿಗ್ನಲ್ ನೋಡಿ. ಪೋಸ್ಟ್‌ಪೇಯ್ಡ್ ನಂಬರನ್ನು ಪೋರ್ಟ್ ಮಾಡುವುದಾದರೆ, ಅಂದರೆ ಅದೇ ನಂಬರ್ ಇಟ್ಟುಕೊಂಡು ಕಂಪನಿ ಬದಲಿಸುವುದಾದರೆ, ಬಾಕಿ ಬಿಲ್ ಕಟ್ಟಿ ಆಮೇಲೆ 1900ಕ್ಕೆ ಮೆಸೇಜ್ ಹಾಕಿ, ಇಲ್ಲದಿದ್ದರೆ ಪೋರ್ಟ್ ಮಾಡಲು ಬೇಕಾದ ಕೋಡ್ ಕೊಡುವುದಿಲ್ಲ.