ಹಿತ್ತಲ ಕೊಳದ ಪ್ರೆಶರ್ ಫಿಲ್ಟರ್ ಕಿಟ್: ಡಬ್ಬಿ ಗಟ್ಟಿ, ಪೈಪು ಸಪೂರ

ಆನ್‌ಲೈನಿನಲ್ಲಿ ಸಿಗುವ, ಕೊಳದ ನೀರನ್ನು ಪಂಪಿನಿಂದ ಮುಚ್ಚಿದ ಡಬ್ಬಿಯೊಳಗೆ ಹಾಯಿಸಿ ಸೋಸುವ ಈ ಕಿಟ್‌ನ ಪೆಟ್ಟಿಗೆಯ ಮೇಲೆ ‘12,000 ಲೀಟರ್ ಕೊಳಕ್ಕೆ’ ಎಂದು ದಪ್ಪಕ್ಷರದಲ್ಲಿದೆ. ಅದರ ಕೆಳಗೆ ಸಣ್ಣಕ್ಷರದಲ್ಲಿ: ಮೀನಿದ್ದರೆ 6,000, ಕೋಯಿ (ದೊಡ್ಡದಾಗಿ ಬೆಳೆಯುವ ಅಲಂಕಾರಿಕ ಮೀನು) ಸಾಕಿದರೆ 3,000. ನಂಬಬೇಕಾದ್ದು ಸಣ್ಣಕ್ಷರವನ್ನೇ. ಹಿತ್ತಲಲ್ಲಿ 10 ಅಡಿ ಉದ್ದ, 8 ಅಡಿ ಅಗಲ, ಎರಡೂವರೆ ಅಡಿ ಆಳದ ಕೊಳ ಇದೆ ಎಂದುಕೊಳ್ಳಿ. 200 ಘನ ಅಡಿ ಆಯಿತು. ಘನ ಅಡಿಗೆ 28.3 ಲೀಟರಿನಂತೆ 5,660 ಲೀಟರ್. ತಾವರೆ, ಗಪ್ಪಿ, ಹತ್ತಾರು ಗೋಲ್ಡ್‌ಫಿಶ್ ಇರುವ ಇಂಥ ಕೊಳಕ್ಕೆ ಈ ಕಿಟ್ ಸರಿಹೊಂದುತ್ತದೆ. ಕೋಯಿ ಸಾಕುವವರು ಇದರ ತಂಟೆಗೆ ಹೋಗುವುದು ಬೇಡ.

ಒಳಗೆ ಬರುವುದು ಸ್ಪಂಜು ಮತ್ತು ಬಯೋಬಾಲ್ (ನೀರು ಶುದ್ಧ ಮಾಡುವ ಬ್ಯಾಕ್ಟೀರಿಯಾ ನೆಲೆಸುವ ಪ್ಲಾಸ್ಟಿಕ್ ಉಂಡೆ) ತುಂಬಿದ ಮುಚ್ಚಿದ ಡಬ್ಬಿ, ಅದರ ಮುಚ್ಚಳದಲ್ಲೇ 18 ವ್ಯಾಟಿನ ಯುವಿ ದೀಪ, ಗಂಟೆಗೆ 6,000 ಲೀಟರಿನ 60 ವ್ಯಾಟ್ ಪಂಪು, ಐದು ಮೀಟರ್ ಸುಕ್ಕುಸುಕ್ಕಾದ ಒಂದಿಂಚಿನ ಹೋಸ್, ನಾಲ್ಕು ಕ್ಲಿಪ್ಪು. ಡಬ್ಬಿಯ ಬಗ್ಗೆ ದೂರಿಲ್ಲ. ಪ್ಲಾಸ್ಟಿಕ್ ದಪ್ಪ ಇದೆ, ಮುಚ್ಚಳದ ಪಟ್ಟಿ ಬಿಗಿಯಾಗಿ ಕೂರುತ್ತದೆ, ಹಿಡಿಕೆ ತಿರುಗಿಸಿದರೆ ಒಳಗೇ ಸ್ಪಂಜು ಹಿಂಡಿ ಕೊಳೆ ಹೊರಹೋಗುವ ವ್ಯವಸ್ಥೆಯೂ ಚೆನ್ನಾಗಿದೆ. ತಕರಾರು ಇರುವುದು ಆ ಹೋಸಿನ ಮೇಲೆ.

ಪಂಪಿನ ಮೇಲೆ ಬರೆದ 6,000 ಲೀಟರ್ ನೀರನ್ನು ಒಂದಿಂಚೂ ಎತ್ತದೆ, ಪೈಪೇ ಇಲ್ಲದೆ ಓಡಿಸಿದಾಗಿನ ಲೆಕ್ಕ. ಇದು ನೀರೆತ್ತಬಲ್ಲ ಗರಿಷ್ಠ ಎತ್ತರ 3 ಮೀಟರ್. ನೀರು ಬೀಳುವ ಬಾಯಿ ಕೊಳದ ಮಟ್ಟದಿಂದ 4 ಅಡಿ ಮೇಲಿದ್ದರೆ ಹತ್ತಿರ ಹತ್ತಿರ ಐದರಲ್ಲಿ ಎರಡು ಪಾಲು ಶಕ್ತಿ ಅಲ್ಲೇ ಹೋಯಿತು. ಉಳಿದದ್ದನ್ನು ಸಪೂರ ಹೋಸಿನ ಸುಕ್ಕುಗಳು ತಿನ್ನುತ್ತವೆ. 20 ಲೀಟರ್ ಬಕೆಟ್ ಹಿಡಿದು ನೋಡಿದರೆ ತುಂಬಲು 28 ಸೆಕೆಂಡ್ ಬೇಕು, ಅಂದರೆ ಗಂಟೆಗೆ 2,600 ಲೀಟರ್ ಒಳಗೆ. ಮೀನಿರುವ ಕೊಳದ ನೀರು ಎರಡು ಗಂಟೆಗೊಮ್ಮೆಯಾದರೂ ಪೂರ್ತಿ ಫಿಲ್ಟರಿನಿಂದ ಹಾದು ಬರಬೇಕು. ನಮ್ಮ ಲೆಕ್ಕದ ಕೊಳಕ್ಕೆ ಬೇಕಾದ್ದು 2,830. ಸ್ಪಂಜು ಹೊಸದಿರುವಾಗಲೇ ಸಾಲದು ಎಂದಮೇಲೆ ಕೊಳೆ ಹಿಡಿದ ಮೇಲೆ ಹೇಳುವುದೇ ಬೇಡ. ಅದೇ ಪಂಪಿಗೆ ಒಂದೂವರೆ ಇಂಚಿನ ಪಿವಿಸಿ ಜೋಡಿಸಿದರೆ ಬಕೆಟ್ 18 ಸೆಕೆಂಡಿಗೆ ತುಂಬುತ್ತದೆ, ಗಂಟೆಗೆ 4,000 ಲೀಟರ್. ಅಷ್ಟೇ ನೀರು ಹರಿಸುವಾಗ ಒಂದಿಂಚಿನ ಪೈಪಿನಲ್ಲಿ ಆಗುವ ಘರ್ಷಣೆ ಒಂದೂವರೆ ಇಂಚಿನದಕ್ಕಿಂತ ಏಳೆಂಟು ಪಟ್ಟು ಹೆಚ್ಚು. ಆದ್ದರಿಂದ ದೊಡ್ಡ ಪಂಪು ಕೊಂಡು ಕರೆಂಟ್ ಬಿಲ್ ಏರಿಸುವ ಬದಲು ಪೈಪು ಬದಲಿಸಿ.

ಬೇಕಾಗುವ ಸಾಮಾನು ಶಿರಸಿಯ ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ: ಒಂದೂವರೆ ಇಂಚಿನ 20 ಅಡಿ ಪೈಪು, 45 ಡಿಗ್ರಿಯ ಬೆಂಡ್ ಆರು, ಯೂನಿಯನ್ (ಕೈಯಲ್ಲೇ ತಿರುಗಿಸಿ ಬಿಚ್ಚಬಹುದಾದ ಜೋಡಣೆ) ಮೂರು, ಬಾಲ್ ವಾಲ್ವ್ ಎರಡು, ಪ್ಲಾಸ್ಟಿಕ್ ಎಂಟಿಎ (ಒಂದು ತುದಿಗೆ ಹೊರಮರೆಯಿರುವ ಜೋಡಣೆ) ಎರಡು, ಟೆಫ್ಲಾನ್ ಟೇಪು, ಸಾಲ್ವೆಂಟ್. 90 ಡಿಗ್ರಿಯ ಎಲ್ಬೋ ಹಾಕಬೇಡಿ, ತಿರುವಿದ್ದಲ್ಲಿ 45ರ ಬೆಂಡ್ ಎರಡೆರಡು ಹಾಕಿದರೆ ನೀರು ಸಲೀಸಾಗಿ ಓಡುತ್ತದೆ. ಡಬ್ಬಿಯ ಎರಡೂ ಬಾಯಿಗೆ ಮತ್ತು ಪಂಪಿಗೆ ಯೂನಿಯನ್ ಕಡ್ಡಾಯ, ಇಲ್ಲದಿದ್ದರೆ ತೊಳೆಯುವಾಗಲೆಲ್ಲ ಪೈಪು ಕೊಯ್ಯಬೇಕಾಗುತ್ತದೆ. ವಾಲ್ವ್‌ಗಳಲ್ಲಿ ಒಂದು ಡಬ್ಬಿಗೆ ಹೋಗುವ ಪೈಪಿಗೆ, ಇನ್ನೊಂದು ಕೊಳೆನೀರಿನ ಪೈಪಿಗೆ. ಪ್ಲಾಸ್ಟಿಕ್ ಬಾಯಿಗೆ ಹಿತ್ತಾಳೆ ನಿಪ್ಪಲ್ ತಿರುಗಿಸಿದರೆ ಬಾಯಿಯೇ ಸೀಳುತ್ತದೆ, ಮೇಲಾಗಿ ಅದರ ತಾಮ್ರ ಮೀನಿಗೆ ಒಳ್ಳೆಯದಲ್ಲ. ಸಾಲ್ವೆಂಟ್ ಎರಡೂ ಕಡೆ ಹಚ್ಚಿ, ಕಾಲು ಸುತ್ತು ತಿರುಗಿಸಿ, ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಮಳೆಗಾಲದ ಥಂಡಿ ಹವೆಯಲ್ಲಿ ಒಂದು ಹಗಲು ರಾತ್ರಿ ಬಿಟ್ಟು ನೀರು ಹರಿಸಿ. ಕಿಟ್‌ನ ಕ್ಲಿಪ್ಪುಗಳು ಕಾರವಾರ, ಕುಮಟಾದ ಉಪ್ಪುಗಾಳಿಗೆ ಬೇಗ ತುಕ್ಕು ಹಿಡಿಯುವಂಥವು, ಸ್ಟೀಲಿನವು ಹಾಕಿಕೊಳ್ಳಿ.

ಪಂಪನ್ನು ತಳದಲ್ಲೇ ಕೂರಿಸುವುದು ಎಲ್ಲರ ರೂಢಿ. ಎಂಟು ಇಂಚು ಎತ್ತರದ ಕಲ್ಲಿನ ಮೇಲಿಡಿ. ರಾತ್ರಿ ಪೈಪು ಕಳಚಿಕೊಂಡರೂ ತಳದಲ್ಲಿ ಮೀನು ಬದುಕುವಷ್ಟು ನೀರು ಉಳಿಯುತ್ತದೆ.

ತೋಟದ ಪಕ್ಕದ ಕೊಳಕ್ಕೆ ಇನ್ನೊಂದು ಬಾಧೆ ಅಡಿಕೆಯ ಸಿಂಗಾರ. ಹೂ ಬಿಡುವ ಕಾಲದಲ್ಲಿ ಅಕ್ಕಿನುಚ್ಚಿನಂಥ ಗಂಡುಹೂಗಳು ದಿನವಿಡೀ ಉದುರುತ್ತವೆ, ಪಂಪಿನ ಜಾಲರಿಯೊಳಗೆ ನುಸುಳಿ ಸ್ಪಂಜಿನ ಮೊದಲ ಪದರದಲ್ಲೇ ಲೋಳೆಯಾಗಿ ಕಟ್ಟಿಕೊಳ್ಳುತ್ತವೆ. ಸಿಮೆಂಟ್ ಕೊಳವಾದರೆ ಪಕ್ಕದಲ್ಲಿ 200 ಲೀಟರಿನ ನೀಲಿ ಡ್ರಮ್ ಹೂತು, ನೀರಿನ ಮಟ್ಟಕ್ಕಿಂತ ಕೆಳಗೆ ಮೂರಿಂಚಿನ ಪೈಪಿನಲ್ಲಿ ಕೊಳಕ್ಕೆ ಸೇರಿಸಿ, ಪಂಪನ್ನು ಡ್ರಮ್ಮಿಗೆ ಇಳಿಸಿ. ಡ್ರಮ್ಮಿನ ಬಾಯಿ ಕೊಳದ ಮಟ್ಟಕ್ಕಿಂತ ನಾಲ್ಕಿಂಚು ಮೇಲಿರಲಿ. ಪೈಪಿಗೂ ಪಂಪಿಗೂ ನಡುವೆ ಹಳೆಯ ನೈಲಾನ್ ಮೀನುಬಲೆ ತುರುಕಿ. ಇದಕ್ಕಿಂತ ಒಳ್ಳೆಯ, ಅಗ್ಗದ ಜರಡಿ ಇಲ್ಲ. ಬೈತಖೋಲ, ತದಡಿಯಂಥ ಬಂದರುಗಳ ಕಡೆ ಹರಿದ ಬಲೆಗೆ ಬರಗಾಲವಿಲ್ಲ. ಉಪ್ಪು ಬಿಡುವವರೆಗೆ ಸಿಹಿನೀರಲ್ಲಿ ನೆನೆಸಿ ಬಳಸಿ. ಟಾರ್ಪಾಲಿನ ಕೊಳವಾದರೆ ಅದಕ್ಕೆ ತೂತು ಮಾಡುವ ಸಾಹಸ ಬೇಡ, ಪಂಪಿಗೇ ಬಲೆ ಸುತ್ತಿದ ಬುಟ್ಟಿ ಮುಚ್ಚಿ.

ಕಿಟ್‌ನ ಪುಸ್ತಿಕೆಯಲ್ಲಿ ಮಳೆಗಾಲದ ಮಾತೇ ಇಲ್ಲ. 50 ಮಿಲಿಮೀಟರ್ ಮಳೆ ಹೊಯ್ದರೆ ಈ ಅಳತೆಯ ಕೊಳಕ್ಕೆ 370 ಲೀಟರ್ ನೀರು ಸೇರುತ್ತದೆ. ಮಾಡಿನ ನೀರೂ ಸೇರಿದರೆ ಕೆಂಪು ರಾಡಿಯೊಂದಿಗೆ ಮೀನೂ ಹೊರಹೋಗುತ್ತದೆ. ದಂಡೆ ಅಂಗಳಕ್ಕಿಂತ ಆರಿಂಚು ಎತ್ತರ ಇರಲಿ, ಜಾಲರಿ ಕಟ್ಟಿದ ಮೂರಿಂಚಿನ ತೂಬು ಬೇಕು. ಚಿರೆಕಲ್ಲಿನ ನೆಲದಲ್ಲಿ ಜುಲೈ ಹೊತ್ತಿಗೆ ಅಂತರ್ಜಲ ಮೇಲೆ ಬಂದಿರುತ್ತದೆ. ಆಗ ತೊಳೆಯಲೆಂದು ಟಾರ್ಪಾಲಿನ ಕೊಳ ಬರಿದು ಮಾಡಿದರೆ ಅಡಿಯಿಂದ ಒತ್ತಿದ ನೀರಿಗೆ ಹಾಳೆ ಉಬ್ಬಿ ಮೇಲೇಳುತ್ತದೆ. ತಳ ತೊಳೆಯುವುದಿದ್ದರೆ ಜನವರಿ, ಫೆಬ್ರುವರಿಯಲ್ಲಿ ಮುಗಿಸಿ.

ನಮ್ಮ ಉತ್ತರ ಕನ್ನಡದ ಬಾವಿನೀರು ಮೃದು, ತುಸು ಹುಳಿ. ಬಯೋಬಾಲಿನ ಮೇಲೆ ಬೆಳೆದ ಬ್ಯಾಕ್ಟೀರಿಯಾ ಅಮೋನಿಯಾ ಕಳೆಯುವಾಗ ನೀರಿನ ಕ್ಷಾರ ಗುಣವೂ ಖರ್ಚಾಗುತ್ತದೆ, ಮಳೆನೀರು ಅದನ್ನು ಮತ್ತಷ್ಟು ತೆಳುವಾಗಿಸುತ್ತದೆ. ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) 6ಕ್ಕಿಂತ ಕೆಳಗಿಳಿದರೆ ಬ್ಯಾಕ್ಟೀರಿಯಾ ಕೆಲಸ ನಿಲ್ಲಿಸಿದಂತೆಯೇ. ನೀರು ತಿಳಿಯಾಗಿ ಕಂಡರೂ ಮೀನು ಮಂಕಾಗುತ್ತವೆ. ಅಘನಾಶಿನಿ ನದಿ ಕಡೆಯ ಬಳಚು ಎಂಬ ಚಿಪ್ಪುಮೀನಿನ ಚಿಪ್ಪು ಎರಡು ಮೂರು ಕಿಲೋ ತೊಳೆದು ಬಲೆಚೀಲದಲ್ಲಿ ಕಟ್ಟಿ ನೀರು ಬೀಳುವ ಜಾಗದಲ್ಲಿಡಿ, ನಿಧಾನವಾಗಿ ಕರಗಿ ಪಿಎಚ್ ಹಿಡಿದಿಡುತ್ತದೆ. ಹೊಸ ಸಿಮೆಂಟ್ ಕೊಳದ ತೊಂದರೆ ಇದಕ್ಕೆ ತಿರುಗುಮುರುಗು: ಸುಣ್ಣ ಬಿಟ್ಟು ಪಿಎಚ್ ಏರುತ್ತದೆ, ಮೂರು ನಾಲ್ಕು ಸಲ ನೀರು ತುಂಬಿ ಚೆಲ್ಲದೆ ಮೀನು ಬಿಡಬೇಡಿ. ಬ್ಯಾಕ್ಟೀರಿಯಾ ಬೆಳೆದು ಫಿಲ್ಟರ್ ಪಳಗಲು ನಾಲ್ಕರಿಂದ ಆರು ವಾರ ಬೇಕು. ಸ್ಪಂಜು ತೊಳೆಯುವುದು ಕೊಳದ ನೀರಿನಲ್ಲೇ. ಕ್ಲೋರಿನ್ ಇರುವ ನಲ್ಲಿನೀರು ಬ್ಯಾಕ್ಟೀರಿಯಾ ಕೊಲ್ಲುತ್ತದೆ. ಕೊಳೆನೀರು ಬಾಳೆಬುಡಕ್ಕೆ ಹೋಗಲಿ.

ಮುಚ್ಚಿದ ಡಬ್ಬಿಯ ದೊಡ್ಡ ದೌರ್ಬಲ್ಯ ಕರೆಂಟ್ ಹೋದಾಗ ಗೊತ್ತಾಗುತ್ತದೆ. ಕೆಲವು ತಾಸು ನೀರು ನಿಂತರೆ ಒಳಗಿನ ಆಮ್ಲಜನಕ ಮುಗಿದು ಬ್ಯಾಕ್ಟೀರಿಯಾ ಸಾಯುತ್ತವೆ, ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಆ ನೀರು ಕೊಳಕ್ಕೆ ಹೋಗಬಾರದು. ಕರೆಂಟ್ ಬಂದ ಕೂಡಲೇ ಹಿಡಿಕೆಯನ್ನು ತೊಳೆಯುವ ಕಡೆಗೆ ತಿರುಗಿಸಿ ಎರಡು ನಿಮಿಷ ಹೊರಗೆ ಬಿಡಿ. ಮನೆಯ ಇನ್ವರ್ಟರಿಗೆ 60 ವ್ಯಾಟಿನ ಪಂಪು ದೊಡ್ಡ ಹೊರೆಯಲ್ಲ, ಆದರೆ ಸೈನ್‌ವೇವ್ ಇನ್ವರ್ಟರ್ ಆಗಿರಬೇಕು. ಸ್ಕ್ವೇರ್‌ವೇವಿನಲ್ಲಿ ಪಂಪು ಗುಂಯ್‌ಗುಟ್ಟಿ ಬಿಸಿಯಾಗುತ್ತದೆ. ನೀರಿನ ಕೆಲಸವಾದ್ದರಿಂದ ಕರೆಂಟ್ ಸೋರಿದೊಡನೆ ಸಂಪರ್ಕ ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ ಇಲ್ಲದೆ ಪ್ಲಗ್ ಹಾಕಲೇಬೇಡಿ. ಪಂಪು ಹಗಲು ರಾತ್ರಿ ಓಡಿದರೆ ತಿಂಗಳಿಗೆ 43 ಯೂನಿಟ್, ಯುವಿ ದೀಪಕ್ಕೆ 13.

ದೀಪ ಹಸಿರುನೀರನ್ನು ನಿಜವಾಗಿ ತಿಳಿಮಾಡುತ್ತದೆ, ಕಲ್ಲಿಗಂಟಿದ ಪಾಚಿಗೆ ಅದರಿಂದ ಏನೂ ಆಗದು. ಸುಮಾರು 8,000 ಗಂಟೆ, ಅಂದರೆ ಹನ್ನೊಂದು ತಿಂಗಳ ನಂತರ ಉರಿಯುತ್ತಿದ್ದರೂ ಕಸುವಿರುವುದಿಲ್ಲ. ಬಿಸಿಲು ಏರುವ ಮೊದಲು, ಫೆಬ್ರುವರಿಯಲ್ಲಿ ಬದಲಿಸುವುದು ಸೂಕ್ತ. ಮುಚ್ಚಳದ ಓ-ರಿಂಗಿಗೆ ಸಿಲಿಕೋನ್ ಗ್ರೀಸ್ ಮಾತ್ರ; ವ್ಯಾಸಲಿನ್ ಹಚ್ಚಿದರೆ ರಬ್ಬರು ಉಬ್ಬಿ ಸೋರುತ್ತದೆ. ದೀಪದ ಹೊರಗಿನ ಗಾಜಿನ ಕೊಳವೆ ಮತ್ತು ಓ-ರಿಂಗ್ ಊರಿನ ಅಂಗಡಿಗಳಲ್ಲಿ ಸಿಗುವ ಮಾಲಲ್ಲ, ಕಿಟ್ ತರಿಸುವಾಗಲೇ ಒಂದೊಂದು ಹೆಚ್ಚಿಗೆ ತರಿಸಿಡಿ.