ಐ-ಜೆಲ್: ಅಡಿಕೆ ನಾಡಿನ ಆಪರೇಷನ್ ಥಿಯೇಟರಿನಲ್ಲಿ ಹಲವು ವರ್ಷ ಬಳಸಿದ ಮೇಲೆ

ಶಿವಮೊಗ್ಗದಲ್ಲಿ ಅರಿವಳಿಕೆ ವೈದ್ಯೆಯಾಗಿರುವ ನಾನು ಹರ್ನಿಯಾ, ಸ್ತನದ ಗಡ್ಡೆ, ಕೈ ಮೂಳೆ ಮುರಿತದಂಥ ಶಸ್ತ್ರಚಿಕಿತ್ಸೆಗಳಿಗೆ ಹಲವು ವರ್ಷಗಳಿಂದ ಐ-ಜೆಲ್ ಬಳಸುತ್ತಿದ್ದೇನೆ. ಅರಿವಳಿಕೆಯಲ್ಲಿರುವ ರೋಗಿಯ ಉಸಿರಿನ ದಾರಿ ತೆರೆದಿಡಲು ಬಾಯಿಯ ಮೂಲಕ ಕೂರಿಸುವ ಸಾಧನ ಇದು. ಅದಕ್ಕೂ ಮೊದಲು ಕೈಯಲ್ಲಿದ್ದದ್ದು ಇದೇ ಕೆಲಸದ ಎಲ್‌ಎಂಎ (ಲ್ಯಾರಿಂಜಿಯಲ್ ಮಾಸ್ಕ್ ಏರ್‌ವೇ). 1981ರಲ್ಲಿ ಬ್ರಿಟನ್ನಿನ ಡಾ. ಆರ್ಚಿ ಬ್ರೇನ್ ರೂಪಿಸಿದ ಆ ಮಾಸ್ಕ್ ಶ್ವಾಸನಾಳದೊಳಗೆ ಇಳಿಯುವುದಿಲ್ಲ. ಧ್ವನಿಪೆಟ್ಟಿಗೆಯ ಬಾಯಿಗೆ ಹೊಂದಿಕೊಂಡು ಕುಳಿತು ಉಸಿರಿಗೆ ದಾರಿ ಮಾಡಿಕೊಡುತ್ತದೆ. ಆದರೆ ಅದರ ಅಂಚಿನ ಉಬ್ಬುವ ಚೀಲಕ್ಕೆ, ಅಂದರೆ ಕಫ್‌ಗೆ, ಗಾಳಿ ತುಂಬಬೇಕು, ಹೆಚ್ಚಾದರೆ ಗಂಟಲು ನೋವು. ಅರಿವಳಿಕೆಗೆಂದು ನೈಟ್ರಸ್ ಆಕ್ಸೈಡ್ ಕೊಡುವಾಗ ಆ ಅನಿಲ ಕಫ್‌ನೊಳಗೆ ಸೇರಿ ಒತ್ತಡ ತಾನಾಗಿಯೇ ಏರುತ್ತದೆ.

ಐ-ಜೆಲ್‌ನಲ್ಲಿ ಈ ಕಫ್ ಇಲ್ಲವೇ ಇಲ್ಲ. ಜೆಲ್ಲಿ ಸವರಿ ಕೂರಿಸಿ, ಹೊರಬಿಡುವ ಉಸಿರಿನ ಇಂಗಾಲದ ಡೈಆಕ್ಸೈಡ್ ತೋರಿಸುವ ಕ್ಯಾಪ್ನೋಗ್ರಾಫ್‌ನಲ್ಲಿ ಅಲೆ ಸರಿಯಾಗಿ ಮೂಡಿತೆಂದರೆ ಅರ್ಧ ಚಿಂತೆ ಇಳಿಯುತ್ತದೆ. ಐ-ಜೆಲ್‌ನಲ್ಲೇ ಇರುವ ಪಕ್ಕದ ಸಣ್ಣ ನಾಳದ ಮೂಲಕ ಹೊಟ್ಟೆಯವರೆಗೆ ನಳಿಕೆ ಇಳಿಸಬಹುದು. ರೋಗಿ ಹಲ್ಲು ಕಚ್ಚಿದರೂ ದಾರಿ ಮುಚ್ಚುವುದಿಲ್ಲ. ಅಳತೆ ಮಾತ್ರ ಯೋಚಿಸಿ ಆರಿಸಬೇಕು. 3ನೇ ಅಳತೆ 30ರಿಂದ 60 ಕಿಲೋ, 4ನೆಯದು 50ರಿಂದ 90 ಕಿಲೋ ತೂಕದವರಿಗೆ. ನಡುವಿನ ತೂಕದವರು ಬಂದಾಗ ಎರಡನ್ನೂ ಟ್ರಾಲಿಯ ಮೇಲೆ ಇರಿಸಿಕೊಳ್ಳುತ್ತೇನೆ. ಚಿಕ್ಕದಾದರೆ ಗಾಳಿ ಸೋರುತ್ತದೆ.

ನಮ್ಮ ಭಾಗದವರು ಮುಖ್ಯವಾಗಿ ಗಮನಿಸಬೇಕಾದದ್ದು ಬಾಯಿ. ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆಯಿಂದ ಬರುವವರಲ್ಲಿ ವರ್ಷಗಟ್ಟಲೆ ಅಡಿಕೆ, ಗುಟ್ಕಾ ಜಗಿದು ಬಾಯಿಯ ಒಳಪೊರೆ ನಾರುಗಟ್ಟಿದವರು ಇರುತ್ತಾರೆ. ಕೆಲವರ ಬಾಯೊಳಗೆ ಎರಡು ಬೆರಳು ಹೋಗುವುದೂ ಕಷ್ಟ. ಗಾಳಿ ತೆಗೆದರೆ ಎಲ್‌ಎಂಎ ಚಪ್ಪಟೆಯಾಗುತ್ತದೆ. ಐ-ಜೆಲ್ ಹಾಗಾಗುವುದಿಲ್ಲ, ಅದರ ಮೈಯೇ ದಪ್ಪ. ಕಫ್ ಇಲ್ಲದ ಅನುಕೂಲ ಇಲ್ಲಿ ಅಡ್ಡಿಯಾಗುತ್ತದೆ. ಆದ್ದರಿಂದ “ಕವಳ (ಎಲೆಯಡಿಕೆ) ಹಾಕುತ್ತೀರಾ?” ಎಂದು ಹಿಂದಿನ ದಿನವೇ ಕೇಳಿ, ಬಾಯಿ ತೆರೆಸಿ ನೋಡುತ್ತೇನೆ. ತೆರೆಯದಿದ್ದರೆ, ಸಾಧ್ಯವಿರುವಲ್ಲಿ ಬೆನ್ನಿಗೆ ಅಥವಾ ನರದ ಬಳಿ ಮರಗಟ್ಟಿಸುವ ಚುಚ್ಚುಮದ್ದು. ಇಲ್ಲವಾದರೆ ರೋಗಿ ಎಚ್ಚರವಿರುವಾಗಲೇ ಮೂಗಿನ ಮೂಲಕ ಬ್ರಾಂಕೋಸ್ಕೋಪ್ (ಒಳಗೆ ನೋಡುವ ಬಾಗುವ ನಳಿಕೆ) ಸಹಾಯದಿಂದ ಶ್ವಾಸನಾಳಕ್ಕೆ ಟ್ಯೂಬ್.

ಅಡಿಕೆ ಕೊಯ್ಲಿನ ದಿನಗಳಲ್ಲಿ ಊಟ ಮಾಡಿ ಮರ ಹತ್ತಿ ಬಿದ್ದವರು ತುರ್ತಾಗಿ ಬರುತ್ತಾರೆ. ಅವರಿಗೆ, ತುಂಬು ಗರ್ಭಿಣಿಯರಿಗೆ ನನ್ನ ಮೊದಲ ಆಯ್ಕೆ ಐ-ಜೆಲ್ ಅಲ್ಲ, ಕಫ್ ಇರುವ ಟ್ಯೂಬೇ. ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶ ಸೇರದಂತೆ ತಡೆಯುವ ಭರವಸೆಯನ್ನು ಐ-ಜೆಲ್‌ನ ಆ ಸಣ್ಣ ನಾಳ ಕೊಡಲಾರದು.

ಐ-ಜೆಲ್ ಒಬ್ಬರಿಗೆ ಒಂದೇ ಸಲ ಬಳಸುವ ಸಾಧನ. ತೊಳೆದು ಮತ್ತೊಬ್ಬರಿಗೆ ಹಾಕುವುದನ್ನು ನಾನು ಒಪ್ಪುವುದಿಲ್ಲ. ಖರ್ಚು ಭಾರವೆನಿಸುವ ಸಣ್ಣ ಆಸ್ಪತ್ರೆಗಳು 40 ಸಲದವರೆಗೆ ಆಟೊಕ್ಲೇವ್ (ಒತ್ತಡದ ಹಬೆಯಲ್ಲಿ ಕ್ರಿಮಿಶುದ್ಧಿ) ಮಾಡಬಹುದಾದ ಎಲ್‌ಎಂಎ ಕ್ಲಾಸಿಕ್ ಕೊಂಡು, ಪ್ರತಿ ಬಳಕೆಯನ್ನೂ ಅದರ ಕಾರ್ಡಿನಲ್ಲಿ ಬರೆದಿಡಲಿ.