ಮೂರು ಕ್ಯಾಮೆರಾ, ಒಂದು ಲಗ್ನದ ಸೀಸನ್: ಗಂಗಾವತಿಯಲ್ಲಿ ನಾನು ಮಾಡಿದ ಹೋಲಿಕೆ

ಕ್ಯಾಮೆರಾ ಆರಿಸುವ ಬುದ್ಧಿ ನನಗೆ ಬಂದದ್ದು ಒಂದು ಮೆಮೊರಿ ಕಾರ್ಡ್ ಕೈಕೊಟ್ಟ ಮೇಲೆ. ಆಗ ನಾನು ಬೇರೆಯವರ ಸ್ಟುಡಿಯೋಗೆ ದಿನಗೂಲಿ ಲೆಕ್ಕದಲ್ಲಿ ಹೋಗುತ್ತಿದ್ದೆ. ಕಾರಟಗಿ ಕಡೆ ಒಂದು ಮದುವೆ. ಸುರಗಿಯಿಂದ ಹಿಡಿದು ಅಕ್ಕಿಕಾಳು ಬೀಳುವವರೆಗೆ ಎಲ್ಲ ಒಂದೇ ಕಾರ್ಡಿನಲ್ಲಿತ್ತು. ರಾತ್ರಿ ಲ್ಯಾಪ್‌ಟಾಪಿಗೆ ಹಾಕಿದರೆ ಕಾರ್ಡ್ ಫಾರ್ಮ್ಯಾಟ್ ಮಾಡಬೇಕು ಅಂತ ಬಂತು. ರಿಕವರಿ ಸಾಫ್ಟ್‌ವೇರ್ ಹಾಕಿ ಮುಕ್ಕಾಲು ಪಾಲು ಎತ್ತಿದೆವು. ತಾಳಿ ಕಟ್ಟಿದ್ದು ಮಾತ್ರ ಸಿಗಲೇ ಇಲ್ಲ. ಮದುಮಗಳ ಅಪ್ಪ ಬೈಯಲಿಲ್ಲ. "ಇನ್ನೊಮ್ಮೆ ಕಟ್ಸಾಕ ಬರ್ತೈತೇನು ತಮ್ಮಾ?" ಅಂತ ಅಷ್ಟೇ ಕೇಳಿದರು. ಬೈದಿದ್ದರೇ ಚೆನ್ನಾಗಿತ್ತು.

ಹಾಗಾಗಿ ಗಂಗಾವತಿಯಲ್ಲಿ ಸ್ವಂತ ಕೆಲಸ ಶುರು ಮಾಡುವಾಗ ಅವಸರ ಮಾಡಲಿಲ್ಲ. ಒಂದು ಸೀಸನ್ ಪೂರ್ತಿ ಮೂರು ಕ್ಯಾಮೆರಾ ಬಳಸಿ ನೋಡಿದೆ. ಮೊದಲನೆಯದು ಸೆಕೆಂಡ್ ಹ್ಯಾಂಡ್ ನಿಕಾನ್ ಡಿ750. ಪರಿಚಯದ ಅಣ್ಣ ಒಬ್ಬರು ಮಾರಲು ಇಟ್ಟಿದ್ದರು, "ಹದಿನೈದು ದಿನ ಹೊಡೆದು ನೋಡು, ಆಮೇಲೆ ರೊಕ್ಕದ ಮಾತು" ಅಂದರು. ಎರಡನೆಯದು ಕ್ಯಾನನ್ ಆರ್10. ನಮ್ಮ ಸೋದರಮಾವನ ಮಗ ಹೊಸದಾಗಿ ತಂದದ್ದು. ಮೂರನೆಯದು ಸೋನಿ ಎ7 ಮಾರ್ಕ್ 3. ಅದನ್ನು ಹೊಸಪೇಟೆಯಿಂದ ಬಾಡಿಗೆಗೆ ತಂದೆ.

ಮೆಗಾಪಿಕ್ಸೆಲ್ ವಿಚಾರ ಮೊದಲು ಮುಗಿಸಿಬಿಡೋಣ. ಮೂರೂ ಹೆಚ್ಚೂಕಡಿಮೆ 24 ಮೆಗಾಪಿಕ್ಸೆಲ್. ನಮ್ಮ ಕಡೆ ನಡೆಯುವ 12×36 ಆಲ್ಬಂನಲ್ಲಿ ಒಂದು ಪುಟ ಅಂದರೆ 12×18 ಇಂಚು. 300 ಡಿಪಿಐಗೆ, ಅಂದರೆ ಇಂಚಿಗೆ 300 ಚುಕ್ಕೆಯಂತೆ ಲೆಕ್ಕ ಹಾಕಿದರೆ 3600×5400 ಪಿಕ್ಸೆಲ್. ಈ ಕ್ಯಾಮೆರಾಗಳು ಕೊಡುವುದು 4000×6000. ಪುಟ ತುಂಬಿ ಇನ್ನೂ ಮಿಗುತ್ತದೆ. ಇದಕ್ಕಿಂತ ಜಾಸ್ತಿ ಮೆಗಾಪಿಕ್ಸೆಲ್‌ಗೆ ದುಡ್ಡು ಸುರಿದರೆ ತುಂಬುವುದು ಹಾರ್ಡ್ ಡಿಸ್ಕ್ ಮಾತ್ರ.

ಕಾರ್ಡಿನ ಕಥೆ ಹೇಳಿದೆನಲ್ಲ, ಅದಕ್ಕೇ ನಾನು ಮೊದಲು ಬಾಗಿಲು ತೆಗೆದು ನೋಡುವುದು ಕಾರ್ಡ್ ಹಾಕುವ ಸ್ಲಾಟ್ ಎಷ್ಟಿವೆ ಅಂತ. 2014ರಲ್ಲಿ ಬಂದ ಡಿ750ಯಲ್ಲಿ ಎರಡು ಸ್ಲಾಟ್. 2018ರ ಎ7 ಮಾರ್ಕ್ 3ರಲ್ಲೂ ಎರಡು. 2022ರ ಆರ್10ರಲ್ಲಿ ಒಂದೇ. ಹೊಸದು ಅಂದ ಮಾತ್ರಕ್ಕೆ ಎಲ್ಲ ಇರುತ್ತದೆ ಅಂತಲ್ಲ. ಎರಡು ಸ್ಲಾಟಿಗೂ ಒಂದೇ ಫೋಟೊ ಹೋಗುವಂತೆ ಬ್ಯಾಕಪ್ ಮೋಡ್ ಹಾಕಿಟ್ಟರೆ ರಾತ್ರಿ ನಿದ್ದೆ ಬರುತ್ತದೆ.

ಫೋಕಸ್‌ನಲ್ಲಿ ಮಾತ್ರ ಡಿ750 ಹಳೆಯ ಕಾಲದ್ದು, ಒಪ್ಪಬೇಕು. 51 ಪಾಯಿಂಟ್ ಇವೆ, ಆದರೆ ಎಲ್ಲ ನಡುವೆಯೇ ಗುಂಪಾಗಿವೆ. ಮದುಮಗಳನ್ನು ಫ್ರೇಮಿನ ಅಂಚಿಗೆ ಇಡಬೇಕೆಂದರೆ ಮೊದಲು ಫೋಕಸ್ ಹಿಡಿದು ಆಮೇಲೆ ಕ್ಯಾಮೆರಾ ಸರಿಸಬೇಕು. ಆರ್10 ಮತ್ತು ಸೋನಿ ಎರಡೂ ಕಣ್ಣನ್ನೇ ಹುಡುಕಿ ಹಿಡಿಯುತ್ತವೆ. ಹುಲಿಗೆಮ್ಮನ ಗುಡಿಯಲ್ಲಿ ಒಂದು ಜವಳ ಇತ್ತು. ಮಗು ಅಳುತ್ತಾ ತಲೆ ಆಡಿಸುತ್ತಿದೆ, ಕತ್ತರಿ ಹಿಡಿದ ಸೋದರಮಾವ ಬೆವರುತ್ತಿದ್ದಾನೆ. ಅಲ್ಲಿ ಆರ್10 ಸೆಕೆಂಡಿಗೆ 15ರಂತೆ ಹೊಡೆದು, ಹತ್ತರಲ್ಲಿ ಎಂಟು ಕ್ಲೀನಾಗಿ ಕೊಟ್ಟಿತು. ಡಿ750ಯಲ್ಲಿ ಅಷ್ಟು ಸಿಗುತ್ತಿರಲಿಲ್ಲ.

ಆದರೆ ಬಾಸಿಂಗ ಕಟ್ಟಿದ ಮೇಲೆ ಆಟ ಬೇರೆ. ಮುಖದ ಮುಂದೆ ಹೂವಿನ ಎಳೆ ಇಳಿಬಿದ್ದಿರುತ್ತದೆ. ಎಂಥ ಜಾಣ ಕ್ಯಾಮೆರಾ ಆದರೂ ಒಮ್ಮೊಮ್ಮೆ ಕಣ್ಣು ಬಿಟ್ಟು ಮಲ್ಲಿಗೆಗೆ ಫೋಕಸ್ ಮಾಡುತ್ತದೆ. ಆಗ ಒಂದೇ ಪಾಯಿಂಟ್ ಇಟ್ಟು ನಾವೇ ಕಣ್ಣಿನ ಮೇಲೆ ಕೂರಿಸಬೇಕು. ಆ ಕೆಲಸಕ್ಕೆ ಮೂರೂ ಒಂದೇ.

ಬ್ಯಾಟರಿಯಲ್ಲಿ ಡಿ750 ರಾಜ. ಕಂಪನಿ ಲೆಕ್ಕದಲ್ಲಿ 1230 ಫೋಟೊ. ಸೋನಿ ಸ್ಕ್ರೀನ್ ನೋಡಿ ತೆಗೆದರೆ 710, ಆರ್10 ಸುಮಾರು 450. ಮದುವೆಯಲ್ಲಿ ಒಂದರ ಹಿಂದೊಂದು ಹೊಡೆಯುವುದರಿಂದ ಎಲ್ಲದರಲ್ಲೂ ಲೆಕ್ಕಕ್ಕಿಂತ ಜಾಸ್ತಿಯೇ ಬರುತ್ತದೆ. ಆದರೂ ಆರ್10ಕ್ಕೆ ಮೂರು ಬ್ಯಾಟರಿ ಜೇಬಿನಲ್ಲಿರಲಿ. ತೂಕದಲ್ಲಿ ಇದು ತಿರುವುಮುರುವು. ಆರ್10 ಬ್ಯಾಟರಿ ಸಮೇತ 429 ಗ್ರಾಂ, ಡಿ750 ಅದರ ಹತ್ತಿರ ಹತ್ತಿರ ಎರಡರಷ್ಟು. ಪ್ರೀ ವೆಡ್ಡಿಂಗ್‌ಗೆ ಅಂತ ಒಂದು ಜೋಡಿ ಅಂಜನಾದ್ರಿಯ ಮೇಲಿಂದ ಸೂರ್ಯೋದಯ ಬೇಕು ಅಂದಿತು. 575 ಮೆಟ್ಟಿಲು. ಅವತ್ತು ಬ್ಯಾಗ್ ಹೊತ್ತ ಹುಡುಗ ಡಿ750ಗೆ ಇಟ್ಟ ಹೆಸರನ್ನು ಇಲ್ಲಿ ಬರೆಯುವಂತಿಲ್ಲ.

ವಿಡಿಯೊ ಬೇಕಾದರೆ ಡಿ750 ಬಿಟ್ಟುಬಿಡಿ. ಅದರಲ್ಲಿ 4ಕೆ ಇಲ್ಲ. ಸೋನಿಯಲ್ಲಿ ಕೈ ಅದುರುವುದನ್ನು ತಡೆಯುವ ಸ್ಟೆಬಿಲೈಸೇಶನ್ ಬಾಡಿಯೊಳಗೇ ಇದೆ, ಆರ್10ರಲ್ಲಿ ಅದು ಲೆನ್ಸಿನಿಂದ ಬರಬೇಕು. ಸೋನಿಯ ರೆಕಾರ್ಡಿಂಗ್ ಅರ್ಧ ಗಂಟೆ ಆಗುವ ಹೊತ್ತಿಗೆ ತಾನೇ ನಿಲ್ಲುತ್ತದೆ. ಸ್ವಾಮಿಗಳ ಆಶೀರ್ವಚನ ಮುಹೂರ್ತದ ತನಕ ಎಳೆದರೆ, ತಾಳಿ ಹೊತ್ತಿಗೆ ರೆಕಾರ್ಡಿಂಗ್ ನಿಂತಿರಬಾರದು ಅಲ್ವಾ? ಮುಹೂರ್ತಕ್ಕೆ ಐದು ನಿಮಿಷ ಮುಂಚೆ ಒಮ್ಮೆ ನಿಲ್ಲಿಸಿ ಮತ್ತೆ ಶುರು ಮಾಡುವುದು ನನಗೀಗ ರೂಢಿಯಾಗಿದೆ. ಸ್ಟೇಜ್ ಹಿಂದೆ ಎಲ್‌ಇಡಿ ವಾಲ್ ಇದ್ದರೆ ಆರ್10, ಸೋನಿಯಂಥ ಮಿರರ್‌ಲೆಸ್ ಕ್ಯಾಮೆರಾಗಳ ಸೈಲೆಂಟ್ ಶಟರ್ ಮುಟ್ಟಬೇಡಿ. ಫೋಟೊದಲ್ಲಿ ಅಡ್ಡಡ್ಡ ಪಟ್ಟೆ ಬರುತ್ತದೆ.

ಲೆನ್ಸ್ ವಿಷಯದಲ್ಲಿ ಎಲ್ಲರೂ ಹೊಸಬರಿಗೆ "50 ಎಂಎಂ ಎಫ್ 1.8 ತಗೋ, ಸೋವಿ" ಅನ್ನುತ್ತಾರೆ. ಸೋವಿ ಹೌದು. ಆದರೆ ಆರ್10ರ ಸೆನ್ಸರ್ ಚಿಕ್ಕದು, ಅದರಲ್ಲಿ 50 ಹಾಕಿದರೆ 80ರಂತೆ ಕಾಣುತ್ತದೆ. ನಮ್ಮೂರ ಮನೆಗಳ ಪಡಸಾಲೆಯಲ್ಲಿ ಕುಬುಸದ ಫೋಟೊ ತೆಗೆಯಲು ಹೋಗಿ ಗೋಡೆಗೆ ಬೆನ್ನು ಹಚ್ಚಿ ನಿಂತೆ. ಬಸುರಿ ಮತ್ತು ಉಡಿ ತುಂಬುವ ಇಬ್ಬರು ಬಂದರು, ಉಳಿದ ಮುತ್ತೈದೆಯರೆಲ್ಲ ಫ್ರೇಮಿನ ಹೊರಗೆ. ಡಿ750, ಸೋನಿ ಫುಲ್ ಫ್ರೇಮ್, ಅಂದರೆ ದೊಡ್ಡ ಸೆನ್ಸರಿನವು, ಅಲ್ಲಿ 50 ಅಂದರೆ 50. ಆದರೂ ಮನೆಯೊಳಗೆ 24ರಿಂದ ಶುರುವಾಗುವ ಜೂಮ್ ಬೇಕೇ ಬೇಕು. ಆರ್10ಕ್ಕೆ ಮೊದಲು ಕ್ಯಾನನ್ ಲೆನ್ಸ್ ಬಿಟ್ಟರೆ ಆಟೊಫೋಕಸ್ ಇರುವ ಬೇರೆ ಕಂಪನಿಯ ಆಯ್ಕೆ ಅಷ್ಟಾಗಿ ಇರಲಿಲ್ಲ. 2024ರಲ್ಲಿ ಸಿಗ್ಮಾದ 18-50 ಎಫ್ 2.8 ಬಂದ ಮೇಲೆ ಆ ಕೊರತೆ ಸ್ವಲ್ಪ ನೀಗಿದೆ.

ಈಗ ಫ್ಲ್ಯಾಶ್. ನನ್ನ ಕೇಳಿದರೆ ಕ್ಯಾಮೆರಾಕ್ಕಿಂತ ಇದರ ಬಗ್ಗೆಯೇ ಜಾಸ್ತಿ ಯೋಚಿಸಬೇಕು. ಮೊದಲು ನಾಲ್ಕು ಪೆನ್ಸಿಲ್ ಸೆಲ್ ಹಾಕುವ ಗೋಡಾಕ್ಸ್ ಟಿಟಿ600 ಇತ್ತು. ಬೆಳಿಗ್ಗೆ ಚುರುಕಾಗಿರುತ್ತದೆ. ಸೆಲ್ ಇಳಿಯುತ್ತಾ ಬಂದ ಹಾಗೆ ಒಂದು ಫ್ಲ್ಯಾಶಿಗೂ ಇನ್ನೊಂದಕ್ಕೂ ನಡುವೆ ಗ್ಯಾಪ್ ಬೆಳೆಯುತ್ತದೆ. ಬೀಗರು ಸಾಲಾಗಿ ಸ್ಟೇಜ್ ಹತ್ತುವ ಹೊತ್ತಿಗೆ ಹಿಂದಿನ ಕೆಂಪು ದೀಪ ಹತ್ತಲಿ ಅಂತ ಕಾಯುತ್ತಾ ನಿಂತಿರುತ್ತೀರಿ. ಲಿಥಿಯಂ ಬ್ಯಾಟರಿಯ ವಿ860 III ಪೂರ್ತಿ ಶಕ್ತಿಯಲ್ಲಿ ಹೊಡೆದರೂ ಒಂದೂವರೆ ಸೆಕೆಂಡಿನೊಳಗೆ ಮತ್ತೆ ತಯಾರು. ಒಂದು ಚಾರ್ಜಿಗೆ 480 ಫುಲ್ ಫ್ಲ್ಯಾಶ್ ಅಂತ ಕಂಪನಿ ಲೆಕ್ಕ. ನೆನಪಿರಲಿ, ಇದು ಬ್ರ್ಯಾಂಡಿಗೊಂದು ಮಾದರಿ ಬರುತ್ತದೆ. ನಾಳೆ ಕ್ಯಾಮೆರಾದ ಬ್ರ್ಯಾಂಡ್ ಬದಲಿಸಿದರೆ ಫ್ಲ್ಯಾಶೂ ಬದಲಿಸಬೇಕು.

ಮತ್ತೆ ಶಾಮಿಯಾನ. ಯೂಟ್ಯೂಬಿನಲ್ಲಿ ಫ್ಲ್ಯಾಶನ್ನು ಮೇಲಕ್ಕೆ ತಿರುಗಿಸಿ ಅಂತ ಹೇಳಿಕೊಡುತ್ತಾರೆ. ಅವರ ಮನೆ ಚಾವಣಿ ಬಿಳಿ. ನಮ್ಮ ಹಳ್ಳಿ ಮದುವೆಯಲ್ಲಿ ಮೇಲಿರುವುದು ಕೆಂಪು, ಹಳದಿ ಬಟ್ಟೆ. ಬೆಳಕು ಅದಕ್ಕೆ ಬಡಿದು ಬಂದರೆ ಮದುಮಗನ ಮುಖ ಕುಂಕುಮದಂತಾಗುತ್ತದೆ. ಸುರಗಿಯ ಅರಿಶಿಣ ಬೇರೆ ಮೆತ್ತಿರುತ್ತದೆ, ಎಡಿಟಿಂಗ್‌ನಲ್ಲೂ ಸರಿಹೋಗುವುದಿಲ್ಲ. ಈಗ ನಾನು ಫ್ಲ್ಯಾಶ್ ಮುಂದೆ ಬಿಳಿ ಡಿಫ್ಯೂಸರ್ ಹಾಕಿ ಸ್ವಲ್ಪ ಓರೆಯಾಗಿ ಹೊಡೆಯುತ್ತೇನೆ. ಅದೂ ಇಲ್ಲದಿದ್ದರೆ ಒಂದು ಸ್ಟ್ಯಾಂಡಿಗೆ ಬಿಳಿ ಛತ್ರಿ, ಹಿಡಿಯಲು ಒಬ್ಬ ಹುಡುಗ.

ಇನ್ನು ರೊಕ್ಕ. ಡಿ750, ಜೊತೆಗೆ 24-120 ಎಫ್ 4 ಲೆನ್ಸ್, ಎರಡೂ ಸೇರಿ 62 ಸಾವಿರಕ್ಕೆ ಅಣ್ಣ ಒಪ್ಪಿದರು. ಮಾವನ ಮಗನ ಆರ್10, 18-150 ಲೆನ್ಸ್ ಸಮೇತ ಲಕ್ಷದ ಮೇಲೆ ಬಿತ್ತು. ಆದರೆ ಅವನಿಗೆ ಜಿಎಸ್‌ಟಿ ಬಿಲ್, ವಾರಂಟಿ, ಕಂತು ಎಲ್ಲ ಸಿಕ್ಕಿತು. ನಾನು ಮುದ್ರಾ ಸಾಲಕ್ಕೆ ಹೋದೆ. ಶಿಶು ವಿಭಾಗದಲ್ಲಿ 50 ಸಾವಿರದವರೆಗೆ ಕೊಡುತ್ತಾರೆ. ಬ್ಯಾಂಕಿನವರು ಅಂಗಡಿಯ ಕೊಟೇಶನ್ ಕೇಳಿದರು. ಹಳೇ ಕ್ಯಾಮೆರಾಕ್ಕೆ ಕೊಟೇಶನ್ ಎಲ್ಲಿಂದ ತರಲಿ? ಕೊನೆಗೆ ಅವ್ವನ ಚೀಟಿ ದುಡ್ಡಿನಲ್ಲಿ ಡಿ750 ತಗೊಂಡೆ. ಹೊಸ ಫ್ಲ್ಯಾಶ್, ಸ್ಟ್ಯಾಂಡ್, ಕಾರ್ಡ್, ಹಾರ್ಡ್ ಡಿಸ್ಕಿಗೆ ಕೊಟೇಶನ್ ಮಾಡಿಸಿ ಸಾಲ ತೆಗೆದೆ.

ಹಳೆಯದು ಕೊಳ್ಳುವವರು ಶಟರ್ ಕೌಂಟ್, ಅಂದರೆ ಕ್ಯಾಮೆರಾ ಈವರೆಗೆ ಎಷ್ಟು ಫೋಟೊ ಹೊಡೆದಿದೆ ಅನ್ನುವ ಲೆಕ್ಕ ನೋಡಲೇಬೇಕು. ಡಿ750 ಶಟರನ್ನು ಕಂಪನಿ ಪರೀಕ್ಷೆ ಮಾಡಿರುವುದು ಒಂದೂವರೆ ಲಕ್ಷ ಹೊಡೆತಕ್ಕೆ, ಎ7 ಮಾರ್ಕ್ 3ರದ್ದು ಎರಡು ಲಕ್ಷಕ್ಕೆ. ನನ್ನ ಡಿ750 ಕೊಳ್ಳುವಾಗ 58 ಸಾವಿರ ಹೊಡೆತ ಆಗಿತ್ತು. ಡಿ750ಯ ಕೆಲವು ಬ್ಯಾಚುಗಳ ಶಟರ್ ಬಗ್ಗೆ ನಿಕಾನ್ ತಾನೇ ಸೂಚನೆ ಕೊಟ್ಟು ಪುಕ್ಕಟೆ ರಿಪೇರಿ ಮಾಡಿಕೊಟ್ಟಿದೆ. ಹಾಗಾಗಿ ಸೀರಿಯಲ್ ನಂಬರ್ ಬರೆದುಕೊಂಡು, ಆ ರಿಪೇರಿ ಆಗಿದೆಯಾ ಅಂತ ವಿಚಾರಿಸಿ.

ಮೂರರಲ್ಲಿ ಒಳ್ಳೆಯದು ಯಾವುದು ಅಂದರೆ ಸೋನಿ, ಅನುಮಾನವಿಲ್ಲ. ಆದರೆ ಅದರ ಬೆಲೆಗೆ ಕೈ ಹಾಕಿದ್ದರೆ ಫ್ಲ್ಯಾಶಿಗೆ ಏನೂ ಉಳಿಯುತ್ತಿರಲಿಲ್ಲ. ಮದುವೆಯ ಫೋಟೊ ಕೆಲಸವೇ ಮುಖ್ಯ ಅನ್ನುವವರು ಡಿ750 ತಗೊಳ್ಳಿ. ರೀಲ್ಸ್, ಜವಳ, ಮಕ್ಕಳ ಬರ್ತ್‌ಡೇ ಅಂತ ಶುರು ಮಾಡುವವರಿಗೆ ಆರ್10 ಸರಿ, ಆದರೆ ಊಟದ ಹೊತ್ತಿಗೊಮ್ಮೆ ಕಾರ್ಡ್ ಬದಲಿಸಿ, ಒಂದು ಕಾರ್ಡಿನಲ್ಲೇ ಇಡೀ ಮದುವೆ ಇಡಬೇಡಿ. ವಿಡಿಯೊ ಬುಕಿಂಗ್ ಬಂದ ದಿನ ನಾನು ಈಗಲೂ ಹೊಸಪೇಟೆಗೆ ಹೋಗಿ ಸೋನಿ ಬಾಡಿಗೆಗೆ ತರುತ್ತೇನೆ, ದಿನಕ್ಕೆ 2,000. ಆ ಬಾಡಿಗೆಯನ್ನು ಪಾರ್ಟಿಯ ಬಿಲ್ಲಿನಲ್ಲೇ ಸೇರಿಸುತ್ತೇನೆ. ದೊಡ್ಡ ಮದುವೆ ಇದ್ದರೆ ಮಾವನ ಮಗ ಆರ್10 ಹಿಡಿದು ಬರುತ್ತಾನೆ. ಮುಹೂರ್ತದ ಹೊತ್ತಿಗೆ ಅವನು ಹೆಣ್ಣಿನ ಕಡೆ, ನಾನು ಗಂಡಿನ ಕಡೆ.